ಗುಂಡ್ಲುಪೇಟೆಗೆ ಪೇಟೆ ಕೊಟ್ಟ ದೊರೆ: ಹಂಗಳದಿಂದ ಪಟ್ಟಕ್ಕೇರಿದ ಚಿಕ್ಕದೇವರಾಜ ಒಡೆಯರ ಬದುಕು

ಗುಂಡ್ಲುಪೇಟೆ: ಬೇಗೂರು, ಹಂಗಳ, ತೆರಕಣಾಂಬಿ ಕಡೆಯ ಹಳ್ಳಿಯವರು ಬಸ್ ಹತ್ತುವಾಗ ಊರಿನ ಪೂರಾ ಹೆಸರು ಹೇಳೋದು ಕಮ್ಮಿ. ಪ್ಯಾಟೆಗೆ ಹೋಗಿ ಬರ್ತೀನಿ ಅಂದರೆ ಸಾಕು, ಯಾವ ಪ್ಯಾಟೆ ಅಂತ ಯಾರೂ ಕೇಳಲ್ಲ. ಗೊಬ್ಬರ, ಬಿತ್ತನೆ ಬೀಜ, ಮದುವೆ ಜವಳಿ, ಮಗುವಿನ ಔಷಧಿ ಎಲ್ಲಕ್ಕೂ ಅದೇ ಪ್ಯಾಟೆ. ಈ ಊರಿನ ಹೆಸರಿನ ಕೊನೆಗೆ ಅಂಟಿಕೊಂಡಿರುವ ಪೇಟೆ ಅನ್ನೋ ಎರಡಕ್ಷರ ಮಾತ್ರ ತಾನಾಗಿ ಬಂದದ್ದಲ್ಲ. ಅದನ್ನು ಇಲ್ಲಿಗೆ ತಂದವರು ಮೈಸೂರು ದೊರೆ ಚಿಕ್ಕದೇವರಾಜ ಒಡೆಯರು. ತಂದದ್ದರ ಹಿಂದೆ ಇದ್ದದ್ದು ಗೆದ್ದ ಯುದ್ಧವಲ್ಲ, ಒಂದು ಸಾವು.

ಪೇಟೆ ಕಟ್ಟುವ ಮುಂಚೆ ಈ ಊರಿಗೆ ವಿಜಯಪುರ ಅಂತ ಹೆಸರಿತ್ತು. ಕೋಟೆಯೊಳಗಿನ ಸಣ್ಣ ಊರು. ವಿಜಯನಾರಾಯಣ ಸ್ವಾಮಿ ಗುಡಿ ಆಗಲೇ ಇತ್ತು, ಪೇಟೆಗಿಂತ ಅದು ಎಷ್ಟೋ ಹಳೆಯದು. ಪಕ್ಕದಲ್ಲಿ ಹರಿಯುವ ಗುಂಡ್ಲು ಹೊಳೆಯನ್ನು ಪುರಾಣ, ಶಾಸನದ ಮಾತಿನಲ್ಲಿ ಕೌಂಡಿನೀ ನದಿ ಅಂತ ಕರೀತಿದ್ದರು. ಈ ಸೀಮೆಯಲ್ಲಿ ಹಿಂದಿನಿಂದ ದೊಡ್ಡ ಊರು ಅನ್ನಿಸಿಕೊಂಡಿದ್ದು ತೆರಕಣಾಂಬಿ. ವ್ಯಾಪಾರ, ಅಧಿಕಾರ, ಗುಡಿ ಗೋಪುರ ಎಲ್ಲ ಅಲ್ಲಿ. ವಿಜಯಪುರ ಅದರ ನೆರಳಿನಲ್ಲಿದ್ದ ಊರು ಅಂದರೆ ತಪ್ಪಾಗಲಾರದು.

ಇನ್ನು ಪಕ್ಕದ ಚಾಮರಾಜನಗರಕ್ಕೆ ಆ ಹೆಸರು ಬಂದದ್ದು ಬಹಳ ತಡವಾಗಿ. ಅರಿಕುಠಾರ ಅನ್ನುತ್ತಿದ್ದ ಆ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. ತಂದೆಯ ನೆನಪಿಗೆ ಊರನ್ನು ಬೆಳೆಸುವ ಕೆಲಸ ಈ ಜಿಲ್ಲೆಯಲ್ಲಿ ಎರಡು ಸಲ ಆಗಿದೆ. ಮೊದಲ ಸಲ ಆದದ್ದು ಗುಂಡ್ಲುಪೇಟೆಯಲ್ಲಿ, ಅದಕ್ಕಿಂತ ಸುಮಾರು ನೂರೈವತ್ತು ವರ್ಷ ಹಿಂದೆ.

ತಪ್ಪಿಹೋದ ಪಟ್ಟ

ಚಿಕ್ಕದೇವರಾಜರು ಹುಟ್ಟಿದ್ದು 1645ರ ಸೆಪ್ಟೆಂಬರ್ 22ರಂದು. ತಂದೆ ದೊಡ್ಡದೇವರಾಜ ಒಡೆಯರು, ತಾಯಿ ಅಮೃತಮ್ಮ. ಚಿಕ್ಕಂದಿನ ದಿನಗಳು ಕಳೆದದ್ದು ಯಳಂದೂರಿನಲ್ಲಿ ಅಂತ ಹಳೆಯ ಬರಹಗಳು ಹೇಳುತ್ತವೆ. ಮುಂದೆ ಅವರ ಪಟ್ಟದ ರಾಣಿಯಾದ ದೇವಾಜಮ್ಮಣ್ಣಿ ಕೂಡ ಯಳಂದೂರಿನ ಅರಸು ಮನೆತನದವರೇ. ವಿಶಾಲಾಕ್ಷ ಪಂಡಿತ ಅನ್ನುವ ಜೈನ ವಿದ್ವಾಂಸರ ಸ್ನೇಹವಾದದ್ದೂ ಯಳಂದೂರಿನಲ್ಲೇ. ಈ ಸ್ನೇಹ ಇಬ್ಬರ ಬದುಕನ್ನೂ ತಿರುಗಿಸಿಬಿಟ್ಟಿತು.

1659ರಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ತೀರಿಕೊಂಡಾಗ ಸಿಂಹಾಸನಕ್ಕೆ ಮಕ್ಕಳಿರಲಿಲ್ಲ. ಚಿಕ್ಕದೇವರಾಜರಿಗೆ ಆಗ ಹದಿನಾಲ್ಕು ವರ್ಷ. ಪಟ್ಟ ಹೋದದ್ದು ಚಿಕ್ಕಪ್ಪನಿಗೆ. ಆ ಚಿಕ್ಕಪ್ಪನನ್ನೂ ಚರಿತ್ರೆ ದೊಡ್ಡದೇವರಾಜ ಒಡೆಯರು ಅಂತಲೇ ಕರೆಯುತ್ತದೆ, ಹಾಗಾಗಿ ಅಪ್ಪ ಯಾರು, ಚಿಕ್ಕಪ್ಪ ಯಾರು ಅನ್ನೋದರಲ್ಲಿ ಹಳೆಯ ಪುಸ್ತಕಗಳೇ ಗೊಂದಲ ಮಾಡಿಕೊಂಡಿವೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹಾಕಿಸಿ, ನಡುದಾರಿಯಲ್ಲಿ ದೊಡ್ಡ ನಂದಿ ಕೆತ್ತಿಸಿದರಲ್ಲ, ಅವರೇ ಈ ಚಿಕ್ಕಪ್ಪ. ಗುಂಡ್ಲುಪೇಟೆಯ ಕಥೆಗೆ ಬೇಕಾದವರು ಅವರಲ್ಲ, ಅವರ ಅಣ್ಣ. ರಾಜನಾಗದೆ ಉಳಿದ ಆ ಅಣ್ಣನೇ ಚಿಕ್ಕದೇವರಾಜರ ತಂದೆ.

ಒಂದೇ ಅರಮನೆಯಲ್ಲಿ ಆಳುತ್ತಿರುವ ಚಿಕ್ಕಪ್ಪ, ಬೆಳೆದು ನಿಂತ ಅಣ್ಣನ ಮಗ. ಹಳ್ಳಿಯ ಜಮೀನ್ದಾರ ಮನೆಯಲ್ಲೇ ಇಂಥ ಸಂದರ್ಭ ಬಹಳ ದಿನ ನೆಟ್ಟಗೆ ನಡೆಯೋದಿಲ್ಲ, ಇನ್ನು ರಾಜ್ಯದ ಮಾತು ಕೇಳಬೇಕೆ. 1668ರಲ್ಲಿ ಚಿಕ್ಕದೇವರಾಜರನ್ನು ಕುಟುಂಬ ಸಮೇತ ಹಂಗಳಕ್ಕೆ ಕಳಿಸಲಾಯಿತು. ಅದು ಸೆರೆವಾಸ ಅಂತ ಕೆಲವರು ಬರೆದಿದ್ದಾರೆ. ಮನಸ್ತಾಪ ದೊಡ್ಡದಾಗದಿರಲಿ ಅಂತ ರಾಜಧಾನಿಯಿಂದ ದೂರ ಇಟ್ಟದ್ದಷ್ಟೇ ಅನ್ನೋದು ಇನ್ನು ಕೆಲವರ ಮಾತು. ಎರಡರಲ್ಲಿ ಯಾವುದು ಸರಿಯಾದರೂ ಇಪ್ಪತ್ಮೂರರ ಹರೆಯದ ಯುವರಾಜನಿಗೆ ಅದು ಸುಖದ ದಿನವಂತೂ ಆಗಿರಲಿಲ್ಲ.

ಹಂಗಳದ ಐದು ವರ್ಷ

ಈಗ ಹಂಗಳ ಅಂದರೆ ಊಟಿ ರಸ್ತೆಯಲ್ಲಿ ಹೋಗುವಾಗ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಊರು. ಹೊರಗಿನಿಂದ ಬರುವವರು ಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಹದಿನೇಳನೇ ಶತಮಾನದಲ್ಲಿ ಅದು ಮೈಸೂರು ಸೀಮೆಯ ತುತ್ತತುದಿ. ಅಲ್ಲಿಂದ ಆಚೆಗೆ ಕಾಡು, ಕಾಡಿನಾಚೆಗೆ ಒಂದು ಕಡೆ ವಯನಾಡು, ಇನ್ನೊಂದು ಕಡೆ ನೀಲಗಿರಿ. ಶ್ರೀರಂಗಪಟ್ಟಣದ ಸುದ್ದಿ ಬರಬೇಕಾದರೆ ಯಾರಾದರೂ ನಡೆದೋ ಕುದುರೆ ಮೇಲೋ ಬರಬೇಕು.

ಈ ಕಾಯುವ ದಿನಗಳಲ್ಲಿ ಜೊತೆಗೆ ನಿಂತವರು ವಿಶಾಲಾಕ್ಷ ಪಂಡಿತರು. ಪಟ್ಟ ಸಿಕ್ಕರೆ ಮಂತ್ರಿ ಪದವಿ ನಿಮಗೇ ಅಂತ ಯುವರಾಜರು ಮಾತು ಕೊಟ್ಟಿದ್ದರಂತೆ. ಸಿಗುತ್ತದೆ ಅನ್ನೋ ಖಾತ್ರಿ ಇಬ್ಬರಿಗೂ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದವನ ಮಾತನ್ನು ನಂಬಿ ಕಾಡಂಚಿನ ಊರಿನಲ್ಲಿ ವರ್ಷಗಟ್ಟಲೆ ಕೂತ ಪಂಡಿತರ ಧೈರ್ಯ ದೊಡ್ಡದು.

ಚಿಕ್ಕದೇವರಾಜರ ತಂದೆ ತೀರಿಕೊಂಡದ್ದು ಈ ಹಂಗಳ ವಾಸದ ಕಾಲದಲ್ಲೇ. ಮೈಸೂರಿನಲ್ಲೂ ಅಲ್ಲ, ಶ್ರೀರಂಗಪಟ್ಟಣದಲ್ಲೂ ಅಲ್ಲ, ವಿಜಯಪುರದ ಪಕ್ಕ ಕೌಂಡಿನೀ ಹೊಳೆಯ ದಂಡೆಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಪಟ್ಟ ಸಿಗದ ಅಪ್ಪ, ದೂರ ಕಳಿಸಲ್ಪಟ್ಟ ಮಗ, ಯಾವುದೋ ಹೊಳೆ ದಂಡೆಯ ಚಿತೆ. ಅವತ್ತಿನ ಮಟ್ಟಿಗೆ ಆ ಮನೆತನದ ಶಾಖೆ ಮುಗಿದೇ ಹೋಯಿತು ಅಂತ ಅಂದುಕೊಂಡವರು ಬಹಳ ಜನ ಇದ್ದಿರಬೇಕು.

1673ರ ಫೆಬ್ರವರಿಯಲ್ಲಿ ಚಿಕ್ಕಪ್ಪ ಚಿಕ್ಕನಾಯಕನಹಳ್ಳಿಯಲ್ಲಿ ತೀರಿಕೊಂಡರು. ಸುದ್ದಿ ಹಂಗಳ ಮುಟ್ಟಿತು. ಅದೇ ತಿಂಗಳ 28ರಂದು ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜರಿಗೆ ಪಟ್ಟವಾಯಿತು. ವಯಸ್ಸು ಇಪ್ಪತ್ತೇಳು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತರು ಪ್ರಧಾನಿಯಾದರು.

ಗುಡಿ ಮೊದಲು, ಅಂಗಡಿ ಆಮೇಲೆ

ಹೊಸ ದೊರೆ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಂದೆಯ ಚಿತೆ ಉರಿದ ಜಾಗಕ್ಕೆ ವಾಪಸ್ ಬಂದದ್ದು. ಹೊಳೆಯ ದಂಡೆಯಲ್ಲಿ ಪರವಾಸುದೇವ ಸ್ವಾಮಿ ದೇವಸ್ಥಾನ ಕಟ್ಟಿಸಿದರು. ಅದಕ್ಕೆ ಸೇರಿದಂತೆ ಅಗ್ರಹಾರ ಮಾಡಿಸಿ ಬ್ರಾಹ್ಮಣರನ್ನು ಕರೆತಂದು ಮನೆ, ಜಮೀನು ಕೊಟ್ಟರು. ತಂದೆಯ ಹೆಸರಿನಲ್ಲಿ ಪೂಜೆ, ಶ್ರಾದ್ಧ ತಪ್ಪದೆ ನಡೆಯಲಿ ಅನ್ನೋದು ಉದ್ದೇಶ. ಜೊತೆಗೆ ಹಳೆಯ ವಿಜಯಪುರ ಕೋಟೆಯ ಹೊರಗೆ ಪೇಟೆ ಕಟ್ಟಿಸಿದರು. ಊರು ಗುಂಡ್ಲುಪೇಟೆಯಾಯಿತು. ಪಕ್ಕದ ಹೊಳೆಯ ಹೆಸರಿಗೆ ಪೇಟೆ ಸೇರಿತು, ಕೋಟೆಯ ಹೆಸರು ಹಿಂದೆ ಸರಿಯಿತು. ಈಗ ವಿಜಯಪುರ ಅಂದರೆ ಉತ್ತರ ಕರ್ನಾಟಕದ ಊರೇ ಜನರಿಗೆ ನೆನಪಾಗೋದು.

ಗುಡಿಗೂ ಪೇಟೆಗೂ ಏನು ಸಂಬಂಧ ಅಂತ ಕೇಳಬಹುದು. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಸ್ಥಾನ ಅಂದರೆ ದಿನಾ ದೀಪಕ್ಕೆ ಎಣ್ಣೆ ಬೇಕು, ನೈವೇದ್ಯಕ್ಕೆ ಅಕ್ಕಿ, ಬೆಲ್ಲ, ತುಪ್ಪ ಬೇಕು, ಹೂವು, ವೀಳ್ಯದೆಲೆ, ಬಟ್ಟೆ ಬೇಕು. ಅಗ್ರಹಾರದ ಮನೆಗಳಿಗೆ ದಿನಸಿ ಬೇಕು. ದತ್ತಿ ಜಮೀನಿನಿಂದ ಬಂದ ಫಸಲು ಮಾರಾಟ ಆಗಬೇಕು. ಕೊಳ್ಳುವವರು ಮೊದಲು ಬಂದು ಕೂತರೆ ಮಾರುವವರು ಹಿಂದೆಯೇ ಬರುತ್ತಾರೆ. ಗಾಣದವರು, ನೇಯುವವರು, ಅಕ್ಕಸಾಲಿಗರು, ಮಡಕೆ ಮಾಡುವವರು ಒಂದೊಂದು ಬೀದಿ ಹಿಡಿದು ಕೂರುವುದು ಆ ಕಾಲದ ಎಲ್ಲ ಪೇಟೆಗಳ ರೀತಿ. ಕೋಟೆ ದಂಡಿನವರಿಗೆ, ಅಧಿಕಾರಿಗಳಿಗೆ. ಪೇಟೆ ದುಡಿಯುವವರಿಗೆ, ವ್ಯಾಪಾರದವರಿಗೆ.

ಜಾಗವೂ ಸರಿಯಾಗಿ ಕೂತಿತ್ತು. ಮೈಸೂರಿನಿಂದ ತೆಂಕಣಕ್ಕೆ ಹೋಗುವ ದಾರಿ ಇಲ್ಲಿಗೆ ಬಂದು ಕವಲೊಡೆಯುತ್ತದೆ. ಒಂದು ಕವಲು ನೀಲಗಿರಿ ಕಡೆಗೆ, ಒಂದು ವಯನಾಡಿನ ಘಾಟಿಯಿಂದ ಮಲಬಾರಿಗೆ, ಇನ್ನೊಂದು ತೆರಕಣಾಂಬಿ ಮೇಲೆ ಚಾಮರಾಜನಗರ, ಕೊಳ್ಳೇಗಾಲದ ಕಡೆಗೆ. ಇವತ್ತಿನ ಹೆದ್ದಾರಿಗಳೂ ಬಹುಪಾಲು ಇದೇ ಕವಲು ಹಿಡಿದಿವೆ. ಹಂಗಳದಲ್ಲಿ ಐದು ವರ್ಷ ಕೂತವರಿಗೆ ಯಾವ ದಾರಿಯಲ್ಲಿ ಯಾವ ಎತ್ತಿನ ಹೇರು ಬರುತ್ತದೆ, ಎಲ್ಲಿ ಇಳಿಯುತ್ತದೆ ಅನ್ನೋದು ಕಣ್ಣಳತೆಯಲ್ಲೇ ಗೊತ್ತಾಗಿದ್ದರೆ ಆಶ್ಚರ್ಯವಿಲ್ಲ.

ಹಂಗಳ, ಯಳಂದೂರು, ತೆರಕಣಾಂಬಿಯ ನಂಟು ಪೇಟೆಗೆ ಮುಗಿಯಲಿಲ್ಲ. ಆಸ್ಥಾನದ ಮಂತ್ರಿ, ಕವಿ ಚಿಕುಪಾಧ್ಯಾಯರು ತೆರಕಣಾಂಬಿಯವರು, ಕನ್ನಡದಲ್ಲಿ ರಾಶಿ ರಾಶಿ ಕೃತಿ ಬರೆದವರು. ರಾಣಿ ದೇವಾಜಮ್ಮಣ್ಣಿಯವರ ಜೊತೆ ಅಡಿಕೆಲೆಯ ಸಂಚಿ ಹಿಡಿಯುವ ಊಳಿಗಕ್ಕೆ ಬಂದ ಯಳಂದೂರಿನ ಹೆಣ್ಣುಮಗಳು ಹೊನ್ನಮ್ಮ ಅರಮನೆಯಲ್ಲೇ ಓದು ಕಲಿತು ಹದಿಬದೆಯ ಧರ್ಮ ಬರೆದರು. ಸಂಚಿ ಹೊನ್ನಮ್ಮ ಅಂತ ಶಾಲೆ ಮಕ್ಕಳಿಗೂ ಹೆಸರು ಗೊತ್ತು, ನಮ್ಮ ಜಿಲ್ಲೆಯವರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತಿರುಮಲಾರ್ಯರು, ಸಿಂಗರಾರ್ಯರು ಇದ್ದ ಆ ಆಸ್ಥಾನದಲ್ಲಿ ಕನ್ನಡಕ್ಕೆ ಬಂದ ಬೆಳೆ ದೊಡ್ಡದು. ಸಿಂಗರಾರ್ಯರ ಮಿತ್ರವಿಂದಾ ಗೋವಿಂದವೇ ಕನ್ನಡದಲ್ಲಿ ಸಿಕ್ಕಿರುವ ಮೊದಲ ನಾಟಕ.

ಎರಡು ಚೀಲ ಬಂದ ಮೇಲೇ ಊಟ

ದೊರೆಗಳಲ್ಲಿ ಖರ್ಚು ಮಾಡಿ ಹೆಸರಾದವರು ಬಹಳ. ಚಿಕ್ಕದೇವರಾಜರು ಕೂಡಿಟ್ಟು ಹೆಸರಾದವರು. ಸಾವಿರ ವರಹದ ಎರಡು ಚೀಲ ಆ ದಿನ ಖಜಾನೆಗೆ ಬೀಳುವ ತನಕ ಬೆಳಗಿನ ಊಟ ಮುಟ್ಟುತ್ತಿರಲಿಲ್ಲ ಅಂತ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಕರ್ನಲ್ ವಿಲ್ಕ್ಸ್ ಬರೆದಿದ್ದಾರೆ. ದೊರೆ ಹಸಿದು ಕೂತರೆ ಅಧಿಕಾರಿಗಳು ಎಲ್ಲಿ ಉಂಡಾರು. ಎಲ್ಲ ಪರಗಣೆಯಲ್ಲೂ ವಸೂಲಿ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ನವಕೋಟಿ ನಾರಾಯಣ ಅನ್ನೋ ಬಿರುದು ಜನ ಕೊಟ್ಟದ್ದು ಇದಕ್ಕೇ, ಖಜಾನೆಯಲ್ಲಿ ಒಂಬತ್ತು ಕೋಟಿ ಇತ್ತು ಅಂತ.

ಆ ಕಾಲದ ಚಲಾವಣೆಯಲ್ಲಿ ಕಂಠೀರಾಯಿ ಹಣ ಅನ್ನೋ ಪುಟಾಣಿ ಬಂಗಾರದ ನಾಣ್ಯ ಇತ್ತು. ಅಂಥ ಹತ್ತು ಹಣ ಸೇರಿದರೆ ಲೆಕ್ಕದಲ್ಲಿ ಒಂದು ವರಹ. ಹಾಗಾದರೆ ದಿನಕ್ಕೆ ಎರಡು ಸಾವಿರ ವರಹ ಅಂದರೆ ಎಷ್ಟು ಹಣ, ಎಷ್ಟು ಸಂತೆ, ಎಷ್ಟು ಗದ್ದೆ ಅಂತ ವ್ಯಾಪಾರಸ್ಥರು ಲೆಕ್ಕ ಹಾಕಿಕೊಳ್ಳಬಹುದು. ದುಡ್ಡು ಬಂದದ್ದು ಗೆದ್ದ ನಾಡುಗಳಿಂದ ಮಾತ್ರ ಅಲ್ಲ. ಬಹುಪಾಲು ಬಂದದ್ದು ರೈತರಿಂದ, ಕುಶಲ ಕೆಲಸದವರಿಂದ, ಅಂಗಡಿಯವರಿಂದ.

ಬೆಳೆಯಲ್ಲಿ ಆರನೇ ಒಂದು ಭಾಗ ರಾಜನಿಗೆ ಅನ್ನೋದು ಶಾಸ್ತ್ರದ ಲೆಕ್ಕ. ಧರ್ಮಭೀರು ಅನ್ನಿಸಿಕೊಳ್ಳಬೇಕು ಅಂತಿದ್ದ ದೊರೆ ಅದನ್ನು ಏರಿಸಲು ಹೋಗಲಿಲ್ಲ. ಬದಲಿಗೆ ಸಣ್ಣ ಸಣ್ಣ ತೆರಿಗೆ ಸುಮಾರು ಹಾಕಿದರು. ಮನೆಗೆ ಮನೆ ಹಣ. ಕಂದಾಯ ಕಟ್ಟಿದ ಜಮೀನಿನ ಹುಲ್ಲಿಗೂ ಹುಲ್ಲು ಹಣ. ಮದುವೆ ಆದರೆ ಮದುವೆ ತೆರಿಗೆ. ಕುರಿ ಸಾಕಿದವರಿಗೆ ಕುರಿ ತೆರಿಗೆ. ಅಗಸರು ಬಟ್ಟೆ ಬೇಯಿಸುವ ಉಬ್ಬೆಗೂ ಕಾಣಿಕೆ. ದನ ಕೊಂಡರೆ, ಮಾರಿದರೆ ಅದಕ್ಕೊಂದು. ಅಂಗಡಿಗೆ ಒಂದು ತೆರಿಗೆ, ಅಂಗಡಿಯೇ ಇಲ್ಲದೆ ಬೀದಿ ನಡುವೆ ದಿನಾ ಸರಕು ಹರಡಿ ಕೂರುವವರಿಗೆ ಇನ್ನೊಂದು. ಅಂಗಡಿ ಪಸಾರ ಅಂತ ಅದರ ಹೆಸರು. ಸಂತೆ ಮೈದಾನದಲ್ಲಿ ಚೀಟಿ ಹರಿದು ಸುಂಕ ಎತ್ತುವವರನ್ನು ಕಂಡರೆ ಗೊಣಗುವ ತರಕಾರಿಯವರ ಗೊಣಗಾಟಕ್ಕೆ ಮುನ್ನೂರು ವರ್ಷದ ಮೇಲಾಗಿದೆ ಅಂದಂಗಾಯ್ತು. ತೂಕ ಅಳತೆಗೂ ಇದೇ ಕಾಲದಲ್ಲಿ ಕಟ್ಟುಪಾಡು ಬಂತು, ಅದರಿಂದ ಕೊಳ್ಳುವವರಿಗೆ ಅನುಕೂಲ ಆಗಿರಬೇಕು. ಆದರೆ ಪೇಟೆ ಕಟ್ಟಿಕೊಟ್ಟ ಕೈಯೇ ಪೇಟೆಯ ಗಲ್ಲಾ ಪೆಟ್ಟಿಗೆಗೂ ಕೈ ಹಾಕಿತ್ತು ಅನ್ನೋದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ.

ನಂಜನಗೂಡಿನ ಕಪ್ಪು ಪುಟ

ತೆರಿಗೆ ತಡೆಯಲಾರದೆ ರೈತರು ತಿರುಗಿಬಿದ್ದರು. ಉಳುವುದಿಲ್ಲ ಅನ್ನೋದಕ್ಕೆ ಗುರುತಾಗಿ ಊರ ಬಾಗಿಲಲ್ಲಿ ನೇಗಿಲು ನೇತುಹಾಕಿದರು. ರೈತರ ಬೆನ್ನಿಗೆ ಜಂಗಮರು ನಿಂತರು, ಊರಿಂದೂರಿಗೆ ಮಾತು ಮುಟ್ಟಿಸಿದರು. ಆಮೇಲೆ ನಡೆದದ್ದನ್ನು ವಿಲ್ಕ್ಸ್ 1810ರ ತಮ್ಮ ಇತಿಹಾಸದಲ್ಲಿ ಬರೆದರು. ಮಾತುಕತೆ, ಸತ್ಕಾರದ ನೆಪದಲ್ಲಿ ನೂರಾರು ಜಂಗಮರನ್ನು ನಂಜನಗೂಡಿಗೆ ಕರೆಸಿ, ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೊಲ್ಲಿಸಲಾಯಿತು, ಮಠಗಳನ್ನು ಕೆಡವಲಾಯಿತು ಅಂತ.

ವಿಲ್ಕ್ಸ್ ಇದನ್ನು ಬರೆದದ್ದು ಘಟನೆಯಾಗಿ ನೂರಕ್ಕೂ ಹೆಚ್ಚು ವರ್ಷದ ಮೇಲೆ, ಕೇಳಿದ ಮಾತಿನ ಆಧಾರದಲ್ಲಿ. ಮೈಸೂರಿನ ಇತಿಹಾಸ ಬರೆದ ಸಿ. ಹಯವದನರಾಯರು ಈ ವಿವರಣೆಯನ್ನು ಅನುಮಾನದಿಂದಲೇ ನೋಡಿದರು. ಸಂಖ್ಯೆ ಎಷ್ಟು, ನಡೆದ ಬಗೆ ಹೇಗೆ ಅನ್ನೋದರಲ್ಲಿ ಜಗಳ ಇದೆ. ತೆರಿಗೆಯಿಂದ ದಂಗೆ ಎದ್ದದ್ದು, ಅದನ್ನು ಗಟ್ಟಿ ಕೈಯಿಂದ ಅಡಗಿಸಿದ್ದರಲ್ಲಿ ಮಾತ್ರ ಜಗಳ ಇಲ್ಲ. ಈ ಸೀಮೆಯ ಮನೆಮನೆಯಲ್ಲಿ ಆ ಕಥೆ ತಲೆಮಾರುಗಟ್ಟಲೆ ಉಳಿದುಕೊಂಡು ಬಂದಿತು. ಗುಂಡ್ಲುಪೇಟೆ ದಂಡೆಯಲ್ಲಿ ಅಪ್ಪನ ಬೂದಿ ಹೊತ್ತು ಹರಿದ ಅದೇ ಹೊಳೆ ನಂಜನಗೂಡಿಗೆ ಹೋಗಿ ಕಪಿಲೆಗೆ ಸೇರುತ್ತದೆ.

ಪೆಟ್ಟು ತಿರುಗಿ ಬಿದ್ದದ್ದು ಪ್ರಧಾನಿಯ ಮೇಲೆ. 1680ರ ದಶಕದಲ್ಲಿ ವಿಶಾಲಾಕ್ಷ ಪಂಡಿತರ ಕೊಲೆಯಾಯಿತು. ತೆರಿಗೆಯ ಯೋಜನೆ, ದಂಗೆ ಅಡಗಿಸಿದ ಸಲಹೆ ಎರಡಕ್ಕೂ ಅವರೇ ಕಾರಣ ಅನ್ನೋ ಸಿಟ್ಟು ಅದರ ಹಿಂದೆ ಇತ್ತು ಅಂತ ಹೇಳುತ್ತಾರೆ. ಹಂಗಳದಲ್ಲಿ ಸಿಕ್ಕಿದ ಮಾತು ಉಳಿಯಿತು, ಪದವಿಯೂ ಸಿಕ್ಕಿತು, ಕೊನೆಗೆ ಜೀವ ಹೋಯಿತು. ಅವರ ಜಾಗಕ್ಕೆ ದೊರೆಯ ಬಾಲ್ಯದ ಜೊತೆಗಾರ ತಿರುಮಲಾರ್ಯರು ಬಂದರು.

ಬೆಂಗಳೂರು ಕೊಂಡ ದೊರೆ

ಊರು ಗೆದ್ದ ರಾಜರು ಸಾವಿರ, ದುಡ್ಡು ಕೊಟ್ಟು ಊರು ಕೊಂಡವರು ಎಷ್ಟು ಜನ. 1687ರಲ್ಲಿ ಬೆಂಗಳೂರು ಶಿವಾಜಿಯ ಮಲತಮ್ಮ, ತಂಜಾವೂರಿನ ಏಕೋಜಿಯ ಕೈಯಲ್ಲಿತ್ತು. ದೂರದ ಊರು ಕಾಯೋದು ಕಷ್ಟ ಅಂತ ಮಾರಲು ಹೊರಟಿದ್ದ ಏಕೋಜಿ ಜೊತೆ ಚಿಕ್ಕದೇವರಾಜರು ಮೂರು ಲಕ್ಷಕ್ಕೆ ಮಾತುಕತೆ ನಡೆಸಿದ್ದರು. ವ್ಯವಹಾರ ಮುಗಿಯುವಷ್ಟರಲ್ಲಿ ಮೊಗಲರ ಸರದಾರ ಖಾಸಿಂ ಖಾನ್ ಬಂದು ಊರು ಹಿಡಿದುಕೊಂಡ. ಇನ್ನೊಬ್ಬರಾಗಿದ್ದರೆ ದಂಡು ಕಟ್ಟಿಕೊಂಡು ಹೋಗುತ್ತಿದ್ದರೇನೋ. ಚಿಕ್ಕದೇವರಾಜರು ಅದೇ ಮೂರು ಲಕ್ಷವನ್ನು ಖಾಸಿಂ ಖಾನನಿಗೆ ಕೊಟ್ಟು ಊರು ತೆಗೆದುಕೊಂಡರು. ಮಾರುವವನು ಬದಲಾದ, ರೇಟು ಬದಲಾಗಲಿಲ್ಲ. ಇವತ್ತಿನ ಬೆಂಗಳೂರಿನ ಒಂದು ಸೈಟಿನ ಬೆಲೆ ಕೇಳಿದವರಿಗೆ ಈ ಅಂಕಿ ನಗು ತರಿಸಬಹುದು, ಆದರೆ ಆ ಮೂರು ಲಕ್ಷದಲ್ಲಿ ಅಂಗಡಿ ಪಸಾರದ ಕಾಸೂ ಸೇರಿತ್ತು.

ಔರಂಗಜೇಬನ ಜೊತೆ ಯುದ್ಧಕ್ಕಿಳಿಯದೆ ಸ್ನೇಹ ಇಟ್ಟುಕೊಂಡದ್ದೂ ಇದೇ ಲೆಕ್ಕಾಚಾರ. 1700ರ ಸುಮಾರಿಗೆ ರಾಯಭಾರಿಗಳನ್ನು ಕಳಿಸಿದರು. ಅಲ್ಲಿಂದ ಜಗದೇವರಾಜ ಅನ್ನೋ ಬಿರುದು, ಮೊಹರು ಬಂತು. ಮೊಗಲ ದರ್ಬಾರಿನ ಕಚೇರಿಗಳ ಅಚ್ಚುಕಟ್ಟು ಕೇಳಿ ತಿಳಿದ ಮೇಲೆ ಇಲ್ಲೂ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರು. ಅಠಾರಾ ಕಚೇರಿ ಅನ್ನೋ ಮಾತಿನ ಬೇರು ಇದು. ಸುಂಕಕ್ಕೆ ಸುಂಕದ ಚಾವಡಿ. ಅರಮನೆಯ ದನಕರು, ಹಾಲು ಬೆಣ್ಣೆಗೆ ಬೆಣ್ಣೆ ಚಾವಡಿ. ಟಿಪ್ಪು ಸುಲ್ತಾನ್ ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾದ ದನದ ತಳಿಯ ಮೂಲ ಆ ಬೆಣ್ಣೆ ಚಾವಡಿಯೇ.

ಇನ್ನೊಂದು ಅಂಚೆ. ರಾಜ್ಯದ ಉದ್ದಗಲಕ್ಕೂ ಓಟದ ಆಳುಗಳನ್ನಿಟ್ಟು ಕಾಗದ ಸಾಗಿಸುವ ವ್ಯವಸ್ಥೆ ಮಾಡಿದ ಮೈಸೂರಿನ ಮೊದಲ ದೊರೆ ಇವರು. ಅಂಚೆಯವರ ಕೆಲಸ ಕಾಗದ ಕೊಡೋದಷ್ಟೇ ಆಗಿರಲಿಲ್ಲ. ಯಾವ ಊರಲ್ಲಿ ಏನು ಮಾತಾಡ್ತಾರೆ ಅನ್ನೋ ಬೇಹಿನ ವರದಿಯೂ ಅದೇ ಚೀಲದಲ್ಲಿ ಹೋಗುತ್ತಿತ್ತು. ಹಂಗಳದಲ್ಲಿ ಸುದ್ದಿಗಾಗಿ ಕಾದು ಕೂತಿದ್ದವರು ಸುದ್ದಿಯ ಬೆಲೆ ಮರೆಯಲಿಲ್ಲ. ಮೈಸೂರು ಅಂಚೆ ಮುಂದೆ ಇನ್ನೂರು ವರ್ಷ ಬೇರೆಯಾಗಿಯೇ ನಡೆದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಗೆ ಸೇರಿಹೋಯಿತು.

ಯುದ್ಧಗಳ ಪಟ್ಟಿ ಉದ್ದ ಇದೆ. ತಮಿಳು ಸೀಮೆಯಲ್ಲಿ ಸೇಲಂ ತನಕ, ಮಲೆನಾಡಿನ ಕಡೆ ಇಕ್ಕೇರಿಯವರ ಗಡಿ ತನಕ ರಾಜ್ಯ ಹಬ್ಬಿತು. ಅದರಲ್ಲಿ ಒಂದು ಕಥೆಯನ್ನು ಮಾತ್ರ ಬಿಡಲಾಗದು. ದಂಡೆಲ್ಲ ತಿರುಚಿನಾಪಳ್ಳಿ ಕಡೆ ಹೋಗಿದ್ದಾಗ ಮರಾಠರು ಶ್ರೀರಂಗಪಟ್ಟಣದ ಬಾಗಿಲಿಗೇ ಬಂದರು. ಓಡಿ ಬಂದ ಮೈಸೂರಿನ ಸಣ್ಣ ತುಕಡಿ ರಾತ್ರಿಯಲ್ಲಿ ಸಾವಿರಾರು ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಹೊತ್ತಿಸಿ ಒಂದು ಕಡೆ ಓಡಿಸಿತು. ದೊಡ್ಡ ಸೈನ್ಯ ಬಂತು ಅಂತ ಮರಾಠರು ಆ ಕಡೆ ತಿರುಗಿದರು, ಹೊಡೆತ ಬಿದ್ದದ್ದು ಇನ್ನೊಂದು ಕಡೆಯಿಂದ. ತೆರಕಣಾಂಬಿ ದನದ ಸಂತೆ ನೋಡಿದವರಿಗೆ ಆ ದೃಶ್ಯ ಊಹಿಸಿಕೊಳ್ಳೋದು ಕಷ್ಟವಲ್ಲ.

ಕಾವೇರಿಗೆ ಕಟ್ಟೆ ಹಾಕಿಸಿ ತೆಗೆಸಿದ ಚಿಕ್ಕದೇವರಾಯ ಸಾಗರ ನಾಲೆ ಇವತ್ತಿಗೂ ಶ್ರೀರಂಗಪಟ್ಟಣ ಸೀಮೆಯ ಗದ್ದೆಗೆ ನೀರು ಕೊಡುತ್ತಿದೆ. ರೈತರ ಬಾಯಲ್ಲಿ ಅದು ಸಿಡಿಎಸ್ ನಾಲೆ. ಹೆಸರಿನಲ್ಲಿರುವ ದೊರೆ ಯಾರು ಅಂತ ಕೇಳುವ ತೊಂದರೆ ಯಾರೂ ತೆಗೆದುಕೊಳ್ಳೋದಿಲ್ಲ.

1704ರ ನವೆಂಬರ್ 16ರಂದು ಚಿಕ್ಕದೇವರಾಜ ಒಡೆಯರು ತೀರಿಕೊಂಡರು. ಐವತ್ತೊಂಬತ್ತು ವರ್ಷ ಬದುಕಿದವರು, ಮೂವತ್ತೊಂದು ವರ್ಷ ಆಳಿದವರು. ಮಗ ಕಂಠೀರವ ಮಾತು ಬಾರದ, ಕಿವಿ ಕೇಳದವರು. ಜನ ಮೂಕರಸು ಅಂತ ಕರೆದರು. ಅಲ್ಲಿಂದ ಮುಂದೆ ಅಧಿಕಾರ ನಿಧಾನಕ್ಕೆ ದಳವಾಯಿಗಳ ಕೈಗೆ ಜಾರಿತು, ದಳವಾಯಿಗಳ ಕೈಯಿಂದ ಹೈದರಾಲಿಯ ಕೈಗೆ. ಊಟ ಬಿಟ್ಟು ಕೂಡಿಟ್ಟ ಖಜಾನೆ ಕರಗಲು ಬಹಳ ತಲೆಮಾರು ಬೇಕಾಗಲಿಲ್ಲ.

ಉಳಿದದ್ದು ಪೇಟೆ

ಗುಂಡ್ಲುಪೇಟೆಯಲ್ಲಿ ಅವರು ಕಟ್ಟಿಸಿದ್ದು ಮೂರು. ಅಗ್ರಹಾರ ಕಾಲಕ್ರಮದಲ್ಲಿ ಖಾಲಿಯಾಯಿತು. ಅಲ್ಲಿದ್ದ ಮನೆತನಗಳು ಚೆದುರಿಹೋದವು. ಪರವಾಸುದೇವ ದೇವಸ್ಥಾನ ಪೂಜೆ ನಿಂತು ಪಾಳುಬಿತ್ತು. ಗೋಡೆಯಲ್ಲಿ ಗಿಡ ಎದ್ದು, ಕಲ್ಲು ಸಡಿಲಾಗಿ, ಒಂದು ಕಾಲದಲ್ಲಿ ರಾಜನ ಖಾಸಾ ದತ್ತಿ ಪಡೆದ ಗುಡಿ ಅಂತ ಹೇಳಿದರೂ ನಂಬಲಾಗದ ಸ್ಥಿತಿ ಬಹಳ ಕಾಲ ಇತ್ತು. ಕೋಟಿಗಟ್ಟಲೆ ಕೂಡಿಟ್ಟವರು ಅಪ್ಪನ ಹೆಸರಿನಲ್ಲಿ ಮಾಡಿದ ಒಂದೇ ಗುಡಿ ಹೀಗಾಯಿತು. ಇದಕ್ಕೆ ಒಬ್ಬರನ್ನೇ ದೂರಿ ಫಲವಿಲ್ಲ. ದತ್ತಿ ನಿಂತ ದಿನ ಗುಡಿಯ ದೀಪವೂ ನಿಲ್ಲುತ್ತದೆ.

ಮೂರನೆಯದಾದ ಪೇಟೆಗೆ ದತ್ತಿ ಬೇಕಾಗಲಿಲ್ಲ. ರಾಜರು ಹೋದರು, ನವಾಬರು ಬಂದು ಹೋದರು, ಬ್ರಿಟಿಷರು ಊಟಿಗೆ ಹೋಗುವ ದಾರಿ ಗಟ್ಟಿ ಮಾಡಿದರು, ಪೇಟೆ ತನ್ನ ಪಾಡಿಗೆ ತಾನು ದುಡಿದುಕೊಂಡಿತು. ಎತ್ತಿನ ಹೇರಿನ ಜಾಗಕ್ಕೆ ಲಾರಿ ಬಂತು. ಈಗ ಓಣಂ ಹತ್ತಿರ ಬಂದರೆ ಕೇರಳದ ವ್ಯಾಪಾರಿಗಳು ಚೆಂಡು ಹೂವಿಗೆ ಬರುತ್ತಾರೆ, ಈ ತಾಲೂಕಿನ ತರಕಾರಿ ಘಟ್ಟ ಇಳಿದು ಮಲಬಾರಿನ ಅಡುಗೆಮನೆ ಸೇರುತ್ತದೆ. ಬಂಡೀಪುರ ಕಾಡಿನ ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಸಂಚಾರ ನಿಷೇಧ ಇರುವುದರಿಂದ ಹೊತ್ತು ಮೀರಿದ ಲಾರಿಗಳು ಈ ಕಡೆಯೇ ನಿಲ್ಲಬೇಕು. ಕಾಡಿನಂಚಿನಲ್ಲಿ ಬೆಳಗಾಗುವುದನ್ನು ಕಾಯುವ ಕೆಲಸ ಈ ಊರಿಗೆ ಹೊಸದಲ್ಲ.

ಪರವಾಸುದೇವ ಗುಡಿ ಹಾಳಾದಾಗ ಅಲ್ಲಿನ ಉತ್ಸವ ಮೂರ್ತಿಯನ್ನು ಊರೊಳಗಿನ ವಿಜಯನಾರಾಯಣ ಸ್ವಾಮಿ ದೇವಸ್ಥಾನಕ್ಕೆ ತಂದಿಡಲಾಯಿತು. ಹಳೆಯ ವಿಜಯಪುರದ ದೇವರ ಮನೆಯಲ್ಲಿ ಹೊಸ ಪೇಟೆಯ ದೇವರು ಅತಿಥಿಯಾಗಿ ಸೇರಿದರು. ಪಟ್ಟ ಸಿಗದೆ ಹೊಳೆ ದಂಡೆಯಲ್ಲಿ ಬೂದಿಯಾದ ಒಬ್ಬ ತಂದೆಗಾಗಿ ಮಗ ಮಾಡಿಸಿದ ಪ್ರತಿಷ್ಠೆಯಲ್ಲಿ ಪೂಜೆ ನಿಲ್ಲದೆ ಉಳಿದದ್ದು ಆ ಮೂರ್ತಿಗೆ. ಅಂಗಡಿ ಬೀದಿಯಿಂದ ಅಲ್ಲಿಗೆ ನಡೆದೇ ಹೋಗಬಹುದು.